ಹಂಚಿಕೊಂಡ ಅರಿವಿಗೆ ಬೆಲೆ ಕಟ್ಟುವುದು: ನಾಗಣಸೂರ ಪರಿಸರದ ಕನ್ನಡ ಶಾಲೆಗಳು ಮತ್ತು ವಿಕಿ

ಅಕ್ಕಲಕೋಟೆ ತಾಲೂಕಿನ ನಾಗಣಸೂರ ಹಾಗೂ ಅದರ ಆಸುಪಾಸಿನ ಊರುಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ನಡೆಯುವುದು ಕನ್ನಡದಲ್ಲಿ. ಸರ್ಕಾರದ ಆದೇಶ ಬರುವುದು ಮರಾಠಿಯಲ್ಲಿ. ಪಠ್ಯಪುಸ್ತಕ ಸಿದ್ಧವಾಗುವುದು ಪುಣೆಯ ಬಾಲಭಾರತಿಯಲ್ಲಿ. 1967ರಲ್ಲಿ ಸ್ಥಾಪನೆಗೊಂಡ ಈ ಮಂಡಳವು ಮರಾಠಿಯ ಜೊತೆಗೆ ಕನ್ನಡ, ಉರ್ದು, ಗುಜರಾತಿ ಮೊದಲಾದ ಭಾಷೆಗಳಲ್ಲಿಯೂ ಪುಸ್ತಕಗಳನ್ನು ಹೊರತರುತ್ತದೆ. ಆದರೆ ಪಾಠಕ್ಕೆ ಪೂರಕವಾಗಿ ಶಿಕ್ಷಕರು ಅರಸುವ ನಿಘಂಟು, ವ್ಯಾಕರಣ, ಕಥಾಸಂಕಲನ, ವಿಜ್ಞಾನ ಬರಹಗಳು ಬಹುಪಾಲು ಬೆಂಗಳೂರು, ಮೈಸೂರು, ಧಾರವಾಡಗಳಿಂದ ಬರುತ್ತವೆ. ಹೀಗಾಗಿ ಇಲ್ಲಿಯ ಶಿಕ್ಷಕರ ಮೇಜಿನ ಮೇಲೆ ಎರಡು ರಾಜ್ಯಗಳ ಎರಡು ಪದಕೋಶಗಳು ಎದುರುಬದುರಾಗಿ ಕುಳಿತಿರುತ್ತವೆ.

ಒಂದು ಉದಾಹರಣೆ ಸಾಕು. ಮಹಾರಾಷ್ಟ್ರ ಸರ್ಕಾರದ ಆದೇಶಕ್ಕೆ ಮರಾಠಿಯಲ್ಲಿ ‘ಶಾಸನ ನಿರ್ಣಯ’ ಎಂದು ಹೆಸರು. ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ‘ಶಾಸನ’ ಎಂದೊಡನೆ ಹಲ್ಮಿಡಿಯ ಕಲ್ಲು ಕಣ್ಣಮುಂದೆ ನಿಲ್ಲುತ್ತದೆ. ಮರಾಠಿಯ ಗುಮಾಸ್ತನಿಗೆ ಅದು ಸರ್ಕಾರ. ಗಟಶಿಕ್ಷಣಾಧಿಕಾರಿ ಎಂದರೆ ಕರ್ನಾಟಕದ ಕ್ಷೇತ್ರ ಶಿಕ್ಷಣಾಧಿಕಾರಿಗೆ ಸಮಾನವಾದ ಹುದ್ದೆ. ಸಾತಬಾರಾ ಉತಾರಾ ಎಂದರೆ ಅಲ್ಲಿಯ ಪಹಣಿ. ತಲಾಠಿ ಎಂದರೆ ಗ್ರಾಮ ಲೆಕ್ಕಾಧಿಕಾರಿ (ಬೆಳಗಾವಿ, ವಿಜಯಪುರದ ಕಡೆಯ ಹಿರಿಯರು ಇಂದಿಗೂ ತಲಾಠಿ ಎಂದೇ ಅನ್ನುವುದುಂಟು). ಶಾಲಾ ವ್ಯವಸ್ಥಾಪನ ಸಮಿತಿಗೆ ಗಡಿಯಾಚೆ ಬೇರೆಯದೇ ಉದ್ದನೆಯ ಹೆಸರಿದೆ. ಇಂಥ ನೂರಾರು ಸಮೀಕರಣಗಳನ್ನು ಇಲ್ಲಿಯ ಅನುಭವಿ ಶಿಕ್ಷಕರು ತಲೆಯಲ್ಲಿ ಹೊತ್ತು ತಿರುಗುತ್ತಾರೆ. ಯಾವ ಪಾಠದ ಯಾವ ಪಾರಿಭಾಷಿಕ ಪದವನ್ನು ಮಕ್ಕಳಿಗೆ ಹೇಗೆ ಬಿಡಿಸಬೇಕು, ಯಾವ ಅರ್ಜಿಯ ಯಾವ ಅಂಕಣದಲ್ಲಿ ಏನು ತುಂಬಬೇಕು, ಎಂಬುದೂ ಅದೇ ಸಂಚಿಯಲ್ಲಿದೆ. ಅವರು ನಿವೃತ್ತರಾದ ದಿನ, ವರ್ಗವಾದ ದಿನ, ಸಂಚಿಯೂ ಹೊರಟುಹೋಗುತ್ತದೆ. ಹೊಸಬರು ಮತ್ತೆ ಮೊದಲಿನಿಂದ ಕಟ್ಟಬೇಕು.

ಈ ಅರಿವು ಈಗ ಇರುವ ಜಾಗಗಳನ್ನು ಹೆಸರಿಸುವುದು ಕಷ್ಟವಲ್ಲ: ಟಿಪ್ಪಣಿ ಪುಸ್ತಕ, ಪೆನ್‌ಡ್ರೈವ್, ವಾಟ್ಸ್‌ಆ್ಯಪ್ ಗುಂಪು. ಮೂರರಲ್ಲಿ ಕೊನೆಯದು ಅತ್ಯಂತ ಅನುಕೂಲದ್ದು, ಅತ್ಯಂತ ದುರ್ಬಲವಾದದ್ದು ಕೂಡ. ಅಲ್ಲಿ ಇಂದು ಕೇಳಿದ ಪ್ರಶ್ನೆಗೆ ಇಂದೇ ಉತ್ತರ ಸಿಗುತ್ತದೆ. ಆರು ತಿಂಗಳ ನಂತರ ಅದೇ ಪ್ರಶ್ನೆ ಬಂದಾಗ ಹಳೆಯ ಉತ್ತರ ಹಬ್ಬದ ಶುಭಾಶಯಗಳ ಅಡಿಯಲ್ಲೆಲ್ಲೋ ಹೂತುಹೋಗಿರುತ್ತದೆ. ಉತ್ತರದಲ್ಲಿ ತಪ್ಪಿದ್ದರೆ ಅದನ್ನು ತಿದ್ದಿ ಅದೇ ಜಾಗದಲ್ಲಿ ಇಡುವ ಕ್ರಮವೂ ನಡೆಯುವುದಿಲ್ಲ. ತಪ್ಪೂ ತಿದ್ದುಪಡಿಯೂ ಬೇರೆ ಬೇರೆಯಾಗಿ ಊರೂರು ಅಲೆಯುತ್ತವೆ.

ಕೆಲಸದ ಜಾಗದಲ್ಲಿ ಹಂಚಿಕೊಳ್ಳುವ ಅರಿವಿಗೆಂದು ರೂಪುಗೊಂಡ ಸಾಧನವೇ ವಿಕಿ. 1995ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ಅಂತರಜಾಲದಲ್ಲಿಟ್ಟರು. ತಂತ್ರಾಂಶ ರಚಿಸುವವರು ತಮ್ಮ ತಮ್ಮ ಅನುಭವಗಳನ್ನು ಒಂದೆಡೆ ಬರೆದಿಡಲಿ ಎಂಬುದು ಅದರ ಉದ್ದೇಶ. ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರನ್ನು ಅವರು ಎರವಲು ಪಡೆದರು. ವಿಕಿಪೀಡಿಯ ಬಂದದ್ದು ಆರು ವರ್ಷಗಳ ಅನಂತರ, 2001ರಲ್ಲಿ. ಕನ್ನಡದ ವಿಕಿಪೀಡಿಯ 2003ರಲ್ಲಿ. ವಿಶ್ವಕೋಶಕ್ಕಿಂತ ಮೊದಲು ವಿಕಿ ಸಹೋದ್ಯೋಗಿಗಳ ಟಿಪ್ಪಣಿ ಪುಸ್ತಕವಾಗಿತ್ತು ಎಂಬುದನ್ನು ನೆನಪಿಡಬೇಕು. ಅದರ ಲಕ್ಷಣಗಳು ನಾಲ್ಕೇ. ಗುಂಪಿನ ಯಾರು ಬೇಕಾದರೂ ಪುಟವನ್ನು ತಿದ್ದಬಹುದು. ತಿದ್ದಿದವರ ಹೆಸರು, ದಿನಾಂಕ, ಹಳೆಯ ಪಾಠ ಎಲ್ಲವೂ ಪುಟದ ಇತಿಹಾಸದಲ್ಲಿ ಉಳಿಯುತ್ತವೆ. ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಾಕಬಹುದು. ಭಿನ್ನಾಭಿಪ್ರಾಯಕ್ಕೆ ಪಕ್ಕದಲ್ಲಿಯೇ ಚರ್ಚೆಯ ಜಾಗವಿರುತ್ತದೆ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ಕ್ರಮ ಪೂರ್ತಿ ಹೊಸದಲ್ಲ. ಶೂನ್ಯಸಂಪಾದನೆಯನ್ನು ಶಿವಗಣಪ್ರಸಾದಿ ಮಹದೇವಯ್ಯ ಮೊದಲು ಜೋಡಿಸಿದ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಒಬ್ಬರಾದ ಮೇಲೊಬ್ಬರು ಅದನ್ನು ಪರಿಷ್ಕರಿಸಿದರು. ಅವರ ಭಿನ್ನಾಭಿಪ್ರಾಯದ ಮುಖ್ಯ ಎಡೆಗಳಲ್ಲೊಂದು ಸೊನ್ನಲಿಗೆಯ ಸಿದ್ಧರಾಮನ ದೀಕ್ಷೆಯ ಪ್ರಸಂಗ, ಅಂದರೆ ಇದೇ ಸೊಲ್ಲಾಪುರದ ಮಣ್ಣಿನ ವಿಷಯ. ನಾಲ್ಕು ಪಾಠಗಳೂ ಕರ್ತೃಗಳ ಹೆಸರಿನೊಂದಿಗೆ ಉಳಿದುಬಂದುದರಿಂದಲೇ ಯಾರು ಏನನ್ನು ಸೇರಿಸಿದರು, ಏಕೆ ಸೇರಿಸಿದರು ಎಂದು ಇಂದಿನ ವಿದ್ವಾಂಸರು ಚರ್ಚಿಸಲು ಸಾಧ್ಯವಾಗಿದೆ. ಕನ್ನಡ ವಿಕಿಪೀಡಿಯದಲ್ಲಿ ಪುಟವನ್ನು ತಿದ್ದುವ ಗುಂಡಿಯ ಮೇಲೆ ‘ಸಂಪಾದಿಸಿ’ ಎಂದಿರುವುದು ಆಕಸ್ಮಿಕವೇ ಇರಬಹುದು. ಆದರೂ ಸೊಗಸಾದ ಆಕಸ್ಮಿಕ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು. ಶೂನ್ಯಸಂಪಾದನಕಾರರ ಮುಂದಿದ್ದುದು ಅನುಭಾವದ ಹೊಣೆ. ಶಾಲೆಯ ವಿಕಿಯ ಮುಂದಿರುವುದು ಹಾಜರಿ, ಪಾಠಯೋಜನೆ, ಪದಪಟ್ಟಿ.

ಕನ್ನಡದಲ್ಲಿ ಶಿಕ್ಷಕರ ವಿಕಿಗೆ ಒಂದು ನಿಜವಾದ ಮಾದರಿಯೂ ಇದೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ರಾಜ್ಯದ ಶಿಕ್ಷಣ ಇಲಾಖೆಯ ಜೊತೆಗೂಡಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ ನಿಂತಿದೆ. ವಿಕಿಪೀಡಿಯವೂ ಅದರ ಮೇಲೆಯೇ ನಿಂತಿರುವುದು. ವಿಷಯ ಶಿಕ್ಷಕರ ವೇದಿಕೆ ಎಂಬ ಹೆಸರಿನಲ್ಲಿ ತರಬೇತಿ ಪಡೆದ ಶಿಕ್ಷಕರು ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಭಾಷೆಗಳಿಗೆ ಸಂಬಂಧಿಸಿದ ಪುಟಗಳನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದರು. ಈ ಮಾದರಿಯಲ್ಲಿ ತಂತ್ರಾಂಶಕ್ಕಿಂತ ಗಮನಿಸಬೇಕಾದದ್ದು ಕೆಲಸದ ಕ್ರಮ. ತರಬೇತಿ ಮೊದಲು ಬಂತು. ಶಿಕ್ಷಕರು ಪರಸ್ಪರ ಮಾತನಾಡುವ ಬಳಗ ಅದರೊಂದಿಗೇ ಬೆಳೆಯಿತು. ಪುಟಗಳು ಆ ಮಾತುಕತೆಯಿಂದ ಹುಟ್ಟಿದವು. ಖಾಲಿ ವಿಕಿಯನ್ನು ಕೊಂಡು ತಂದು ‘ಬರೆಯಿರಿ’ ಎಂದರೆ ಯಾರೂ ಬರೆಯುವುದಿಲ್ಲ.

ನಾಗಣಸೂರದ ಶಿಕ್ಷಕರು ಆ ತಾಣವನ್ನೇ ಬಳಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಸಾಲದು. ಅದರ ಪುಟಗಳು ಕರ್ನಾಟಕದ ಪಠ್ಯಕ್ರಮವನ್ನು ಅನುಸರಿಸುತ್ತವೆ; ಬಾಲಭಾರತಿಯ ಪಾಠಗಳ ಕ್ರಮ ಬೇರೆ. ಆದರೆ ಮುಕ್ತ ಪರವಾನಗಿಯಡಿ ಪ್ರಕಟವಾದ ಬರಹವನ್ನು ಮೂಲದ ಹೆಸರನ್ನು ಹೇಳಿ, ಪರವಾನಗಿಯ ಷರತ್ತುಗಳಿಗೆ ಒಳಪಟ್ಟು, ತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು. ಬಾಲಭಾರತಿಯ ಪುಸ್ತಕದ ಪಾಠವನ್ನು ಹಾಗೆಯೇ ಎತ್ತಿ ಹಾಕುವಂತಿಲ್ಲ, ಅದರ ಹಕ್ಕು ಮಂಡಳದ್ದು; ಆ ಪಾಠವನ್ನು ಬೋಧಿಸಲು ಶಿಕ್ಷಕರು ತಾವೇ ಬರೆದ ಟಿಪ್ಪಣಿಯನ್ನು ಹಾಕಬಹುದು. ಈ ಭೇದ ತಿಳಿಯದೆ ಎಷ್ಟೋ ಕಡೆ ಉತ್ಸಾಹವೇ ಅಪರಾಧವಾಗಿ ಪರಿಣಮಿಸುತ್ತದೆ.

ಸಂಧಿಯ ಪರೀಕ್ಷೆ

ವಿಕಿಯನ್ನು ಮಾರುವವರ ಪಟ್ಟಿಯಲ್ಲಿ ಬಣ್ಣ, ಚಿತ್ರ, ಸ್ವಯಂಚಾಲಿತ ಸಾರಾಂಶ ಮುಂತಾದ ಗುಣಗಳು ಮೇಲ್ಸಾಲಿನಲ್ಲಿ ಇರುತ್ತವೆ. ಕನ್ನಡದ ಬಳಗಕ್ಕೆ ಇವೆಲ್ಲ ಆಮೇಲಿನವು. ಮೊದಲ ಪ್ರಶ್ನೆ: ಬರೆದಿಟ್ಟದ್ದು ಹುಡುಕಿದಾಗ ಸಿಗುತ್ತದೆಯೇ? ಇದನ್ನು ಪರೀಕ್ಷಿಸಲು ಗಣಕ ವಿಜ್ಞಾನದ ಪದವಿ ಬೇಡ, ಸಂಧಿ ಪ್ರಕರಣ ತಿಳಿದಿದ್ದರೆ ಸಾಕು.

‘ಮನೆ’ ಎಂಬ ಪದಕ್ಕೆ ‘ಅಲ್ಲಿ’ ಸೇರಿದಾಗ ಯಕಾರಾಗಮವಾಗಿ ‘ಮನೆಯಲ್ಲಿ’ ಆಗುತ್ತದೆ. ಮೂಲಪದ ಮುಂಭಾಗದಲ್ಲಿ ಅಖಂಡವಾಗಿ ಉಳಿದಿದೆ. ಪದದ ಆರಂಭವನ್ನು ಹೋಲಿಸಿ ನೋಡುವ ಹುಡುಕಾಟಕ್ಕೆ ಇದು ಸಿಗುತ್ತದೆ. ‘ಊರು’ ಎಂಬುದಕ್ಕೆ ‘ಇನಲ್ಲಿ’ ಸೇರಿದಾಗ ಉಕಾರ ಲೋಪವಾಗಿ ‘ಊರಿನಲ್ಲಿ’ ಆಗುತ್ತದೆ. ಈಗ ‘ಊರು’ ಎಂದು ಹುಡುಕಿದವರಿಗೆ ‘ಊರಿನಲ್ಲಿ’ ಇರುವ ಪುಟ ಸಿಗದು. ‘ಊರ’ ಎಂದು ಕೊನೆಯ ಸ್ವರವನ್ನು ಬಿಟ್ಟು ಹುಡುಕುವ ಜಾಣ್ಮೆ ಬೇಕು. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ ಆದಾಗ ಕಕಾರಕ್ಕೆ ಗಕಾರ ಆದೇಶವಾಗಿದೆ. ‘ಕಾಲ’ ಎಂದು ಎಷ್ಟು ಹುಡುಕಿದರೂ ಮಳೆಗಾಲ ಕಾಣಿಸದು. ಆಗಮ, ಲೋಪ, ಆದೇಶ ಎಂಬ ಈ ಮೂರು ಪದಗಳನ್ನು ಬರೆದ ಮೂರು ಪುಟಗಳನ್ನು ಮಾಡಿ ಹುಡುಕಿ ನೋಡಿದರೆ, ಆ ವಿಕಿ ಕನ್ನಡವನ್ನು ಎಷ್ಟರಮಟ್ಟಿಗೆ ಬಲ್ಲದು ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಇಡೀ ಪದ ಹೊಂದಿದರೆ ಮಾತ್ರ ತೋರಿಸುವ ತಂತ್ರಾಂಶ ಮೂರರಲ್ಲಿಯೂ ಸೋಲುತ್ತದೆ. ಇಂಗ್ಲಿಷಿಗೆಂದು ರೂಪಿಸಿದ ಹುಡುಕಾಟ ‘ಹೌಸ್’, ‘ಹೌಸಸ್’ ಎರಡನ್ನೂ ಒಂದೆಂದು ಬಲ್ಲದು. ಕನ್ನಡದ ಏಳು ವಿಭಕ್ತಿಗಳ ಮುಂದೆ ಅದು ತಬ್ಬಿಬ್ಬಾಗುತ್ತದೆ.

ಸೋತರೂ ಉಪಾಯವಿಲ್ಲದಿಲ್ಲ. ಪ್ರತಿ ಪುಟದ ಕೊನೆಯಲ್ಲಿ ಅದರ ಮುಖ್ಯ ಪದಗಳನ್ನು ಪ್ರಥಮಾ ವಿಭಕ್ತಿಯಲ್ಲಿ, ಬಿಡಿಬಿಡಿಯಾಗಿ ಒಂದು ಸಾಲು ಬರೆದಿಡಬಹುದು. ವರ್ಗಗಳನ್ನು ಮಾಡಿ ಪುಟಗಳನ್ನು ಅವುಗಳಡಿ ಸೇರಿಸಬಹುದು. ಹೆಸರುಗಳ ಸಮಸ್ಯೆಗೂ ಹೀಗೆಯೇ ಪರಿಹಾರ. ಇದೇ ಊರು ಒಬ್ಬರ ಬರಹದಲ್ಲಿ ನಾಗಣಸೂರ, ಇನ್ನೊಬ್ಬರದರಲ್ಲಿ ನಾಗಣಸೂರು. ನಗರ ಸೊಲ್ಲಾಪುರ, ಸೋಲಾಪುರ, ಹಳೆಯ ಪಠ್ಯಗಳಲ್ಲಿ ಸೊನ್ನಲಿಗೆ. ತಾಲೂಕು ಅಕ್ಕಲಕೋಟ ಅಥವಾ ಅಕ್ಕಲಕೋಟೆ. ಒಂದು ರೂಪದಲ್ಲಿ ಪುಟವನ್ನಿಟ್ಟು ಉಳಿದ ರೂಪಗಳಿಂದ ಅದಕ್ಕೆ ದಾರಿ ಮಾಡಿಕೊಡುವ ವ್ಯವಸ್ಥೆ ಮೀಡಿಯಾವಿಕಿಯಲ್ಲಿ ಸಿದ್ಧವಾಗಿಯೇ ಇದೆ. ‘ತಲಾಠಿ’ ಎಂದು ಬಂದವರನ್ನೂ ‘ಗ್ರಾಮ ಲೆಕ್ಕಾಧಿಕಾರಿ’ ಎಂದು ಬಂದವರನ್ನೂ ಒಂದೇ ಪುಟಕ್ಕೆ ಕರೆದೊಯ್ಯಬಹುದು. ಗಡಿನಾಡಿನ ವಿಕಿಗೆ ಇದು ಬಾಗಿಲು ಇದ್ದಹಾಗೆ. ಇಲ್ಲದಿದ್ದರೆ ಮನೆಯೊಳಗೆ ಹೋಗುವುದೇ ಸಾಧ್ಯವಿಲ್ಲ.

ಎರಡನೆಯ ಪರೀಕ್ಷೆ ಹಳೆಯ ಕಡತಗಳದು. ಹಿರಿಯ ಶಿಕ್ಷಕರು ಇಪ್ಪತ್ತು ವರ್ಷಗಳಲ್ಲಿ ಬೆರಳಚ್ಚಿಸಿದ ಪ್ರಶ್ನೆಪತ್ರಿಕೆ, ಟಿಪ್ಪಣಿಗಳಲ್ಲಿ ಹಲವು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರವಿನ್ಯಾಸದಲ್ಲಿರುತ್ತವೆ. ಕಣ್ಣಿಗೆ ಅವು ಕನ್ನಡ. ಗಣಕಕ್ಕೆ ಲ್ಯಾಟಿನ್ ಅಕ್ಷರಗಳ ಗೊಜಲು. ಯೂನಿಕೋಡ್‌ಗೆ ಪರಿವರ್ತಿಸದೆ ಅವುಗಳನ್ನು ವಿಕಿಗೆ ಅಂಟಿಸಿದರೆ ಓದಲೂ ಆಗದು, ಹುಡುಕಲೂ ಆಗದು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತಿಸಿದ ಪಾಠದಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದುಂಟು, ಒಬ್ಬರು ಕುಳಿತು ಕರಡು ತಿದ್ದಬೇಕು. ಆ ‘ಒಬ್ಬರು’ ಯಾವ ಮಾರಾಟಗಾರನ ದರಪಟ್ಟಿಯಲ್ಲಿಯೂ ಬರುವುದಿಲ್ಲ.

ಶೀರ್ಷಿಕೆಯ ಉದ್ದವೂ ಕನ್ನಡಕ್ಕೆ ವಿಶೇಷವಾದ ತೊಡಕು. ಮೀಡಿಯಾವಿಕಿಯಲ್ಲಿ ಪುಟದ ಶೀರ್ಷಿಕೆಗೆ 255 ಬೈಟ್‌ಗಳ ಮಿತಿ. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟಿನಲ್ಲಿ ಮುಗಿಯುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಅದೂ ಗುಣಿತದ ಚಿಹ್ನೆಗೆ ಬೇರೆ, ವ್ಯಂಜನಕ್ಕೆ ಬೇರೆ. ‘ನಾಗಣಸೂರ’ ಎಂಬ ಐದಕ್ಷರದ ಪದದಲ್ಲಿ ಏಳು ಸಂಕೇತಗಳಿವೆ, 21 ಬೈಟ್. 85 ಸಂಕೇತಗಳಿಗೆ ಮಿತಿ ಮುಗಿಯುತ್ತದೆ. ಸರ್ಕಾರಿ ಸುತ್ತೋಲೆಯ ಪೂರ್ಣ ಶೀರ್ಷಿಕೆಯನ್ನು ಹಾಗೆಯೇ ಪುಟದ ಹೆಸರಾಗಿಸಲು ಹೊರಟವರಿಗೆ ಇದು ಬೇಗನೆ ಅನುಭವಕ್ಕೆ ಬರುತ್ತದೆ. ಚಿಕ್ಕ ಹೆಸರಿಡುವುದು ಲೇಸು.

ಮೂರನೆಯದು ಗೋಪ್ಯತೆ. ಶಾಲೆಯ ವಿಕಿಯಲ್ಲಿ ಎಲ್ಲರೂ ಓದಬಹುದಾದ ಪುಟಗಳೂ ಇರುತ್ತವೆ, ಶಿಕ್ಷಕರಿಗೆ ಮಾತ್ರ ಮೀಸಲಾದವೂ ಇರುತ್ತವೆ. ಮೀಡಿಯಾವಿಕಿ ಮೂಲತಃ ತೆರೆದ ಬಾಗಿಲಿನ ತಂತ್ರಾಂಶ. ಇಡೀ ವಿಕಿಗೆ ಬೀಗ ಹಾಕುವುದು ಸುಲಭ, ಕೆಲವೇ ಪುಟಗಳನ್ನು ಕೆಲವರಿಂದ ಮರೆಮಾಡಲು ಅದನ್ನು ನೆಚ್ಚಬಾರದು. 2004ರಲ್ಲಿ ಆಂಡ್ರಿಯಾಸ್ ಗೋರ್ ಆರಂಭಿಸಿದ ಡೋಕುವಿಕಿಯಲ್ಲಿ ಯಾರು ಯಾವ ವಿಭಾಗವನ್ನು ಓದಬಹುದು, ತಿದ್ದಬಹುದು ಎಂದು ಗೊತ್ತುಪಡಿಸುವ ಏರ್ಪಾಡು ಒಳಗೇ ಇದೆ. ಅದೇ ವರ್ಷ ಬಂದ ಅಟ್ಲಾಸಿಯನ್ ಕಂಪನಿಯ ಕಾನ್‌ಫ್ಲುಯೆನ್ಸ್‌ನಲ್ಲಿಯೂ ಪುಟವಾರು ನಿರ್ಬಂಧ ಹಾಕಬಹುದು. ಯಾವ ತಂತ್ರಾಂಶವಾದರೂ ಮಕ್ಕಳ ಹೆಸರು, ಆಧಾರ್ ಸಂಖ್ಯೆ, ಜಾತಿ, ಅಂಕಗಳನ್ನು ವಿಕಿಯಲ್ಲಿ ಬರೆಯುವುದು ಸಲ್ಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷದೊಳಗಿನವರ ಮಾಹಿತಿಯ ವಿಷಯದಲ್ಲಿ ವಿಶೇಷ ಎಚ್ಚರಿಕೆಯನ್ನು ವಿಧಿಸಿದೆ. ವಿಕಿ ಇರುವುದು ಅರಿವಿಗೆ, ದಾಖಲಾತಿ ಪುಸ್ತಕಕ್ಕಲ್ಲ.

ಬೆಲೆಯ ಲೆಕ್ಕ

ವಿಕಿಗೆ ಬೆಲೆ ತೆರುವ ದಾರಿಗಳು ಮುಖ್ಯವಾಗಿ ಎರಡು. ಕಂಪನಿಯ ವಿಕಿಯಲ್ಲಿ ತಲೆಗಿಷ್ಟು, ತಿಂಗಳಿಗಿಷ್ಟು ಎಂದು ಬಾಡಿಗೆ ಕೊಡುವುದು ಒಂದು. ಮುಕ್ತ ತಂತ್ರಾಂಶವನ್ನು ಉಚಿತವಾಗಿ ಪಡೆದು, ಅದನ್ನು ಇಡುವ ಜಾಗಕ್ಕೆ ಮಾತ್ರ ಹಣ ಕೊಟ್ಟು, ತಾವೇ ನಡೆಸಿಕೊಳ್ಳುವುದು ಇನ್ನೊಂದು. ಮೊದಲನೆಯದು ದುಬಾರಿ, ಎರಡನೆಯದು ಅಗ್ಗ ಎಂಬುದು ಸಾಮಾನ್ಯ ತಿಳಿವಳಿಕೆ. ಲೆಕ್ಕ ಹಾಕಿ ನೋಡಿದರೆ ಅದು ಅಷ್ಟು ನೇರವಾಗಿಲ್ಲ. ಮುಂದಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡವು. ದರಗಳು ಬದಲಾಗುತ್ತಿರುವುದರಿಂದ ನಿಜವಾಗಿ ಆಯ್ಕೆ ಮಾಡುವವರು ಆ ದಿನದ ದರವನ್ನು ಹಾಕಿಕೊಳ್ಳಬೇಕು.

ಒಬ್ಬರಿಗೆ ತಿಂಗಳಿಗೆ 400 ರೂಪಾಯಿ ಬಾಡಿಗೆ ಎಂದಿರಲಿ. 12 ಶಿಕ್ಷಕರ ಬಳಗಕ್ಕೆ ವರ್ಷಕ್ಕೆ 57,600 ರೂಪಾಯಿ. ಕಾನ್‌ಫ್ಲುಯೆನ್ಸ್‌ನಂಥ ಸೇವೆಗಳಲ್ಲಿ ಹತ್ತು ಜನರವರೆಗೆ ಉಚಿತ ಯೋಜನೆ ಇದೆ. ಹನ್ನೊಂದನೆಯವರು ಬಂದ ಕೂಡಲೇ ಹೆಚ್ಚುವರಿ ಒಬ್ಬರಿಗಲ್ಲ, ಹನ್ನೊಂದೂ ಜನರಿಗೆ ಬಾಡಿಗೆ ಶುರುವಾಗುತ್ತದೆ: 52,800. ಅಂದರೆ ಹತ್ತನೆಯ ಶಿಕ್ಷಕರವರೆಗೆ ಸೊನ್ನೆ, ಹನ್ನೊಂದನೆಯವರ ಬೆಲೆ ಅರ್ಧ ಲಕ್ಷಕ್ಕೂ ಹೆಚ್ಚು. ಏಣಿಯ ಮೊದಲ ಮೆಟ್ಟಿಲಷ್ಟೇ ಇಷ್ಟು ಎತ್ತರ. ಇದರ ದುಷ್ಪರಿಣಾಮ ಹಣದಲ್ಲಿ ಮಾತ್ರ ಕಾಣುವುದಿಲ್ಲ. ಬಾಡಿಗೆ ಉಳಿಸಲು ಇಬ್ಬರು ಒಂದೇ ಹೆಸರಿನಲ್ಲಿ ಪ್ರವೇಶಿಸತೊಡಗುತ್ತಾರೆ. ಪುಟದ ಇತಿಹಾಸದಲ್ಲಿ ಯಾರು ಏನು ತಿದ್ದಿದರೆಂಬುದು ಮಸುಕಾಗುತ್ತದೆ. ಹೊಸದಾಗಿ ಸೇರಿದ ಶಿಕ್ಷಕಿಯನ್ನು, ಅರೆಕಾಲಿಕ ಅಧ್ಯಾಪಕರನ್ನು ಹೊರಗಿಡುವ ಮನಸ್ಸಾಗುತ್ತದೆ. ಯಾರಿಗೆ ಆ ಅರಿವು ಹೆಚ್ಚು ಬೇಕೋ ಅವರೇ ಹೊರಗುಳಿಯುತ್ತಾರೆ. ತಲೆಲೆಕ್ಕದ ದರ ಇಟ್ಟಿರುವ ವಿಕಿ ಹಂಚಿಕೊಳ್ಳುವುದಕ್ಕೆ ಒಳಗಿಂದೊಳಗೇ ದಂಡ ಹಾಕುತ್ತದೆ ಎನ್ನುವುದು ಅತಿಶಯೋಕ್ತಿಯಲ್ಲ.

ಇನ್ನು ಸ್ವಂತದ ವಿಕಿ. ಜಾಲತಾಣ ಇಡುವ ಜಾಗಕ್ಕೆ ಮತ್ತು ಹೆಸರಿಗೆ ವರ್ಷಕ್ಕೆ ಒಟ್ಟು 6,000 ರೂಪಾಯಿ ಎಂದಿರಲಿ. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಿ, ಪ್ರತಿ ತೆಗೆದಿಡಲು ತಿಂಗಳಿಗೆ 2 ಗಂಟೆಯಂತೆ ವರ್ಷಕ್ಕೆ 24 ಗಂಟೆ. ಪುಟಗಳ ಕರಡು ತಿದ್ದಿ, ಹಳೆಯದಾದ ಆದೇಶಗಳನ್ನು ತೆಗೆದು, ಕೊಂಡಿಗಳನ್ನು ಜೋಡಿಸಲು ವಾರಕ್ಕೆ 2 ಗಂಟೆಯಂತೆ ಶಾಲೆ ನಡೆಯುವ 40 ವಾರಗಳಿಗೆ 80 ಗಂಟೆ. ಶಿಕ್ಷಕರ ಒಂದು ಗಂಟೆಗೆ 300 ರೂಪಾಯಿ ಬೆಲೆ ಕಟ್ಟಿದರೆ 104 ಗಂಟೆಗೆ 31,200, ಒಟ್ಟು 37,200. ಉಚಿತ ಎಂಬ ತಂತ್ರಾಂಶದ ಬೆಲೆ ಇದು. ಆದರೆ ಪುಟಗಳ ಆರೈಕೆಯ ಆ 80 ಗಂಟೆ, ಅಂದರೆ 24,000 ರೂಪಾಯಿ, ಬಾಡಿಗೆಯ ವಿಕಿಯಲ್ಲಿಯೂ ತಪ್ಪಿದ್ದಲ್ಲ; ಅದನ್ನು ಸೇರಿಸಿದರೆ 12 ಜನರ ಬಾಡಿಗೆ ವಿಕಿಯ ನಿಜವಾದ ಬೆಲೆ 81,600. ಎಂಟು ಜನರಿದ್ದರೆ ಬಾಡಿಗೆಯದರಲ್ಲಿ ಬರೀ 24,000, ಸ್ವಂತದ್ದರಲ್ಲಿ ಮೊದಲಿನಂತೆ 37,200. ಒಂದೇ ಶಾಲೆಯ ಸಣ್ಣ ಬಳಗಕ್ಕೆ ಉಚಿತ ಯೋಜನೆ ಲಾಭಕರ. ನಾಲ್ಕಾರು ಶಾಲೆಗಳು ಕೂಡಿದರೆ ಸ್ವಂತದ್ದೇ ಲಾಭಕರ. ಏಕೆಂದರೆ 36 ಜನರಾದಾಗ ಬಾಡಿಗೆಯೊಂದೇ 1,72,800 ಆಗುತ್ತದೆ, ಸ್ವಂತ ವಿಕಿಯ ಜಾಗದ ಖರ್ಚು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ.

ಈ ಲೆಕ್ಕದಲ್ಲಿ ಎರಡೂ ಕಡೆ ಬದಲಾಗದೆ ನಿಂತಿರುವ 80 ಗಂಟೆಯೇ ವಿಚಾರ ಮಾಡಬೇಕಾದ ಸಂಗತಿ. ಸೊಲ್ಲಾಪುರದಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿದ ಕಥೆಯನ್ನು ರಾಘವಾಂಕನ ಸಿದ್ಧರಾಮ ಚಾರಿತ್ರದಲ್ಲಿ ಓದಿದವರು ಅಗೆಯುವ ಉತ್ಸಾಹವನ್ನು ಮರೆಯಲಾರರು. ಆದರೆ ಕೆರೆಯನ್ನು ಒಮ್ಮೆ ಅಗೆದರೆ ಆಯಿತು, ಹೂಳನ್ನು ಮಾತ್ರ ಮತ್ತೆ ಮತ್ತೆ ಎತ್ತಬೇಕು. ವಿಕಿಯಲ್ಲಿ ಹೂಳು ಎಂದರೆ ರದ್ದಾದ ಆದೇಶ, ಬದಲಾದ ಪಠ್ಯಪುಸ್ತಕದ ಹಳೆಯ ಪುಟಸಂಖ್ಯೆ, ಅರ್ಧಕ್ಕೆ ಬಿಟ್ಟ ಪಟ್ಟಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಪೂರ್ಣಗೊಂಡದ್ದು ದಶಕಗಳ ಚೀಟಿ ಕೆಲಸದಿಂದ, ಜಿ. ವೆಂಕಟಸುಬ್ಬಯ್ಯನವರಂಥ ಪ್ರಧಾನ ಸಂಪಾದಕರೂ ಹೆಸರು ಮುಂದೆ ಬಾರದ ಅನೇಕ ಸಹಾಯಕರೂ ತೆತ್ತ ಆಯುಷ್ಯವೇ ಅದರ ಮುಖ್ಯ ವೆಚ್ಚ. ಕಾಗದ, ಮುದ್ರಣಗಳು ಆಮೇಲಿನವು. ಶಾಲೆಯ ಆಡಳಿತ ವಿಕಿಗೆ 6,000 ರೂಪಾಯಿ ಮಂಜೂರು ಮಾಡಿ, ಪಾಲಕರಾಗುವ ಶಿಕ್ಷಕರಿಗೆ ವಾರದಲ್ಲಿ ಎರಡು ಪಾಠದ ಅವಧಿ ಬಿಡುವು ಕೊಡದಿದ್ದರೆ ಆ 6,000ವೂ ವ್ಯರ್ಥ.

ಬಿಟ್ಟು ಹೊರಡುವ ವೆಚ್ಚವೂ ಒಂದುಂಟು. ಪ್ರಪಂಚದ ಅನೇಕ ದೇಶಗಳ ಶಿಕ್ಷಕರು ನೆಚ್ಚಿಕೊಂಡಿದ್ದ ವಿಕಿಸ್ಪೇಸಸ್ ಎಂಬ ಸೇವೆ 2018ರಲ್ಲಿ ಮುಚ್ಚುವುದಾಗಿ ಪ್ರಕಟಿಸಿತು. ಪುಟಗಳನ್ನು ಹೊರಗೆ ಸಾಗಿಸಿಕೊಳ್ಳಲು ಬಳಕೆದಾರರಿಗೆ ಸಿಕ್ಕಿದ್ದು ಕೆಲವು ತಿಂಗಳು. ಸ್ವಂತ ಯಂತ್ರದಲ್ಲಿ ಇಟ್ಟುಕೊಳ್ಳುವ ಕಾನ್‌ಫ್ಲುಯೆನ್ಸ್‌ನ ಸರ್ವರ್ ಆವೃತ್ತಿಗೆ ಕಂಪನಿಯ ಬೆಂಬಲ 2024ರ ಫೆಬ್ರವರಿಯಲ್ಲಿ ನಿಂತಿತು. ವ್ಯಾಪಾರದಲ್ಲಿ ಇವೆಲ್ಲ ನಡೆಯತಕ್ಕವೇ, ಯಾರನ್ನೂ ದೂರಬೇಕಾಗಿಲ್ಲ. ಬಾಡಿಗೆ ಮನೆಗೆ ಹೋಗುವಾಗಲೇ ಸಾಮಾನು ಹೊರತರುವ ಬಾಗಿಲಿನ ಅಗಲವನ್ನು ಅಳೆದುಕೊಂಡಿರಬೇಕು, ಅಷ್ಟೆ. ಮೀಡಿಯಾವಿಕಿಯ ಪುಟಗಳನ್ನು ಇತಿಹಾಸ ಸಮೇತ ಒಂದು ಕಡತವಾಗಿ ತೆಗೆಯಬಹುದು. ಡೋಕುವಿಕಿಯಲ್ಲಿ ಇನ್ನೂ ಸರಳ: ಪ್ರತಿ ಪುಟವೂ ಸಾದಾ ಪಠ್ಯ ಕಡತ, ದತ್ತಸಂಚಯದ ಹಂಗಿಲ್ಲ, ಇಡೀ ವಿಕಿಯನ್ನು ಪೆನ್‌ಡ್ರೈವಿಗೆ ನಕಲು ಮಾಡಿ ಕಪಾಟಿನಲ್ಲಿಡಬಹುದು, ಇಪ್ಪತ್ತು ವರ್ಷಗಳ ನಂತರ ಯಾವ ಗಣಕದಲ್ಲಾದರೂ ತೆರೆದು ಓದಬಹುದು. ಪ್ರಯೋಗದ ಮೊದಲ ವಾರದಲ್ಲಿಯೇ ಹತ್ತು ಪುಟಗಳನ್ನು ಹೊರತೆಗೆದು, ಬೇರೊಂದು ಯಂತ್ರದಲ್ಲಿ ಒತ್ತಕ್ಷರಗಳು ಸರಿಯಾಗಿ ಬರುತ್ತವೆಯೇ ಎಂದು ನೋಡುವುದು ಒಳ್ಳೆಯದು.

ಇವನ್ನೆಲ್ಲ ತೂಗಿದರೆ ನಾಗಣಸೂರದಂಥ ಊರಿನ ಶಾಲೆಗಳ ಬಳಗಕ್ಕೆ ಡೋಕುವಿಕಿ ಹೊಂದುತ್ತದೆ. ಮೀಡಿಯಾವಿಕಿ ದೊಡ್ಡ ಗಾಡಿ, ಅದಕ್ಕೆ ಜೋಡೆತ್ತು ಬೇಕು. ಕನ್ನಡದ ಪುನರ್ನಿರ್ದೇಶನ, ವರ್ಗಗಳಲ್ಲಿ ಅದು ಮೇಲು ಎಂಬುದು ನಿಜ. ಮುಂದೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಶಾಲೆಗಳು ಕೂಡಿ ಒಂದೇ ಪದಕೋಶವನ್ನು ಕಟ್ಟುವುದಾದರೆ ಆಗ ಅದನ್ನೇ ಆರಿಸಬೇಕು. ಹತ್ತು ಜನರೊಳಗಿನ ಬಳಗಕ್ಕೆ ಕಂಪನಿಯ ಉಚಿತ ಯೋಜನೆಯಿಂದ ಆರಂಭಿಸುವುದರಲ್ಲಿಯೂ ತಪ್ಪಿಲ್ಲ, ಹೊರದಾರಿ ತೆರೆದಿದ್ದರೆ. ಎಲ್ಲರಿಗೂ ತೆರೆದಿಡಬಹುದಾದ ಊರಿನ ಇತಿಹಾಸ, ಸಾಹಿತಿಗಳ ಪರಿಚಯ ಮುಂತಾದವನ್ನು ಶಾಲೆಯ ವಿಕಿಯಲ್ಲಿ ಬಚ್ಚಿಡದೆ, ಆಧಾರಗಳೊಡನೆ ಕನ್ನಡ ವಿಕಿಪೀಡಿಯಕ್ಕೇ ಕೊಡುವುದು ಸರಿ. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ ಆ ಪೀಠವೇರಿದ ಮೊದಲ ಮಹಿಳೆಯಾದ ಜಯದೇವಿತಾಯಿ ಲಿಗಾಡೆ ಸೊಲ್ಲಾಪುರದವರು; 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯ ಸಮ್ಮೇಳನ ನಡೆದದ್ದು ಇದೇ ಸೊಲ್ಲಾಪುರದಲ್ಲಿ. ಇಂಥ ವಿಷಯಗಳ ಪುಟಕ್ಕೆ ಬಾಡಿಗೆಯೂ ಇಲ್ಲ, ಬೀಗವೂ ಬೇಡ.

ಅಭ್ಯಾಸಕ್ಕೆ

ವಿದ್ಯಾರ್ಥಿಗಳು ತಮ್ಮ ಊರಿನ ಕನ್ನಡ ಶಾಲೆಯ ಹಿರಿಯ ಶಿಕ್ಷಕರನ್ನು ಭೇಟಿಯಾಗಿ, ಮರಾಠಿಯಿಂದ ಬಂದು ಅಲ್ಲಿಯ ಕನ್ನಡದಲ್ಲಿ ನೆಲೆನಿಂತ ಇಪ್ಪತ್ತು ಆಡಳಿತ ಪದಗಳನ್ನು ಸಂಗ್ರಹಿಸಬೇಕು. ಪ್ರತಿ ಪದಕ್ಕೂ ಮರಾಠಿಯ ಅರ್ಥ, ಕರ್ನಾಟಕದಲ್ಲಿ ಬಳಕೆಯಲ್ಲಿರುವ ಸಮಾನಪದ, ಶಾಲೆಯ ಕೆಲಸದಲ್ಲಿ ಆ ಪದ ಬರುವ ಒಂದು ಸಂದರ್ಭ, ಇವಿಷ್ಟನ್ನು ಎಂಟು ಸಾಲುಗಳೊಳಗೆ ಬರೆಯಬೇಕು. ‘ಶಾಸನ’ದಂತೆ ಎರಡು ಭಾಷೆಗಳಲ್ಲಿ ಬೇರೆ ಬೇರೆ ಅರ್ಥವಿರುವ ಪದಗಳನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಅನಂತರ ಆ ಬರಹವನ್ನು ಸಹಪಾಠಿಯೊಬ್ಬರಿಗೆ ತಿದ್ದಲು ಕೊಟ್ಟು, ತಿದ್ದಿದವರ ಹೆಸರು, ದಿನಾಂಕ, ತಿದ್ದುವ ಮೊದಲಿನ ಪಾಠ ಮೂರನ್ನೂ ಪಕ್ಕದ ಹಾಳೆಯಲ್ಲಿ ಬರೆದಿಡಬೇಕು. ತಂತ್ರಾಂಶ ಇನ್ನೂ ಬಾರದಿದ್ದರೆ ಎರಡು ನೂರು ಪುಟದ ನೋಟುಬುಕ್ಕು ಸಾಕು. ಪ್ರತಿ ಎಡಪುಟವನ್ನು ತಿದ್ದುಪಡಿಗೆಂದು ಖಾಲಿ ಬಿಟ್ಟಿರಬೇಕು.